ಸ್ಮಾರ್ಟ್ ಮಾಸ್ತರರಿಗೆ ಕಿವಿಮಾತು

ಶಾಲೆಗೆ ಸ್ಮಾರ್ಟ್ ಟಿವಿ ಬಂದ ದಿನ ಮಾಡಬೇಕಾದ ಮೊದಲ ಕೆಲಸ, ಅದಕ್ಕೊಂದು ಬಟ್ಟೆ ಹೊದಿಸುವುದು. ಗಜೇಂದ್ರಗಡದಲ್ಲಿ ಕೈಮಗ್ಗಗಳಿವೆ, ಸೀರೆಯಂಚಿನ ತುಂಡೊಂದು ಸಿಕ್ಕರೆ ಟಿವಿಯ ಮಾನವೂ ಉಳಿಯಿತು. ನರಗುಂದದ ಕಡೆ ಎರಿಹೊಲದ ಧೂಳು ಮುಚ್ಚಿದ ಕಿಟಕಿಯೊಳಗಿಂದಲೂ ನುಗ್ಗುತ್ತದೆ, ಹುಡುಗರು ಅದಕ್ಕಿಂತ ಜೋರಾಗಿ ನುಗ್ಗುತ್ತಾರೆ. ಇಬ್ಬರಿಂದಲೂ ಯಂತ್ರವನ್ನು ಕಾಪಾಡಬೇಕೆಂದರೆ ಕೋಣೆಗೆ ಬೀಗ ಬೇಕು. ಬೀಗದ ಕೈ ಹೆಡ್‌ಮಾಸ್ತರರ ಕಿಸೆಯಲ್ಲಿರಬೇಕು, ಹೆಡ್‌ಮಾಸ್ತರರು ಬಿಇಒ ಕಚೇರಿಯ ಮೀಟಿಂಗಿನಲ್ಲಿರಬೇಕು. ಇಷ್ಟು ಶಿಸ್ತು ಪಾಲಿಸಿದ ಶಾಲೆಗಳಲ್ಲಿ ರಿಮೋಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಇಂದಿಗೂ ಕಿತ್ತಿಲ್ಲ. ವರ್ಷಕ್ಕೊಮ್ಮೆ ಖಂಡೇಪೂಜೆಗೆ ಬಟ್ಟೆ ಸರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಹೊದಿಸಿದರೆ ವಾರ್ಷಿಕ ನಿರ್ವಹಣೆ ಮುಗಿದಂತೆ.

ಯಂತ್ರಭಕ್ತಿ ನಮ್ಮಲ್ಲಿ ಹೊಸದೇನಲ್ಲ. ಈ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಯೋಜನೆಯ ಹೆಸರಿನಲ್ಲಿ ರಾಜ್ಯದ ಹೈಸ್ಕೂಲುಗಳಿಗೆ ಕಂಪ್ಯೂಟರು ಬಂದವು. 2004ರಲ್ಲಿ ಇಸ್ರೋ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಶಾಲೆಗಳ ಮಾಳಿಗೆ ಮೇಲೆ ತಾಟುಗಳು ಕೂತವು. ಉಪಗ್ರಹಕ್ಕೆ 2010ರಲ್ಲಿ ನಿವೃತ್ತಿಯಾಯಿತು. ತಾಟಿಗೆ ಅಂಥ ಆದೇಶ ಬಂದಿಲ್ಲವಾದ್ದರಿಂದ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಸೇವೆಯಲ್ಲಿದೆ: ಮಳೆ ಬಂದ ಮರುದಿನ ಪಾರಿವಾಳಗಳು ಅದರಲ್ಲಿ ನೀರು ಕುಡಿಯುತ್ತವೆ. ಬಾಹ್ಯಾಕಾಶ ವಿಜ್ಞಾನ ಇಷ್ಟು ನೇರವಾಗಿ ಜೀವಿಗಳ ಬಾಯಿಗೆ ತಲುಪಿದ ಉದಾಹರಣೆ ಬೇರೆ ದೇಶಗಳಲ್ಲಿ ಸಿಗಲಾರದು.

ಕಲಿಕಾ ಸಾಧನವನ್ನು ಹುಡುಗರ ಕೈಗೆ, ಕಿವಿಗೆ ಸಿಗಗೊಟ್ಟರೆ ಏನಾಗುತ್ತದೆಂದು ರೋಣದವರನ್ನು ಕೇಳಬೇಕು. 1922ರಲ್ಲಿ ಅಲ್ಲಿ ಹುಟ್ಟಿದ ಭೀಮಸೇನನೆಂಬ ಹುಡುಗ, ಅದೂ ಶಿಕ್ಷಕರ ಮಗ, ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ತಟ್ಟೆ ಕೇಳಿಯೇ ಕೆಟ್ಟ. ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಗ್ವಾಲಿಯರ್, ಜಲಂಧರ್ ಎಂದು ಅಲೆದು, ಕೊನೆಗೆ ನಮ್ಮ ಮಗ್ಗುಲಿನ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿಯಬೇಕಾಯಿತು. ಆ ತಟ್ಟೆಗೆ ಕ್ಯೂಆರ್ ಕೋಡ್ ಇರಲಿಲ್ಲ, ಕೊನೆಯಲ್ಲಿ ಕ್ವಿಜ್ ಇರಲಿಲ್ಲ, ಸರ್ಟಿಫಿಕೇಟಂತೂ ಇಲ್ಲವೇ ಇಲ್ಲ. ಇದ್ದಿದ್ದರೆ ಹುಡುಗ ಮನೆಯಲ್ಲೇ ಕೂತು ಕಿರಾನಾ ಘರಾಣೆಯನ್ನು ಮಧ್ಯಾಹ್ನದೊಳಗೆ ಮುಗಿಸಿ, ಪಿಡಿಎಫ್ ಇಳಿಸಿಕೊಂಡು, ಸಂಜೆ ಚಿಣಿಪಣಿ ಆಡಬಹುದಿತ್ತು. ಒಂದು ಭಾರತರತ್ನ ಕೈತಪ್ಪುತ್ತಿತ್ತು ನಿಜ. ಆದರೆ ತಾಲ್ಲೂಕಿನ ಪ್ರಗತಿ ಶೇಕಡಾ ನೂರಾಗುತ್ತಿತ್ತು.

ಆ ಕೊರತೆಯನ್ನು ನೀಗಲೆಂದೇ 2017ರ ಶಿಕ್ಷಕರ ದಿನದಂದು ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆ ಬಂತು. ಅದರಲ್ಲಿ ತರಬೇತಿ ಪಡೆಯುವ ಬಗೆಯನ್ನು ಹಿರಿಯರಿಂದಲೇ ತಿಳಿಯಬೇಕು. ವಿಡಿಯೋವನ್ನು ಮುಂದಕ್ಕೆ ಎಳೆದೆಳೆದು ಮುಗಿಸುವುದು ಹೊಸಬರ ಚಾಳಿ. ಅನುಭವಿಗಳು ಪೂರ್ತಿ ಓಡಲು ಬಿಡುತ್ತಾರೆ, ತಾವು ಮಾತ್ರ ಅಲ್ಲಿರುವುದಿಲ್ಲ. ಅಕ್ಕೋರು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟರೆ ಒಂದು ಮಾಡ್ಯೂಲ್ ಮುಗಿಯುವುದರೊಳಗೆ ಮನೆಮಂದಿಯ ರೊಟ್ಟಿ ಬಡಿದಾಗುತ್ತದೆ. ಕ್ವಿಜ್‌ಗೆ ಹೆದರಬೇಕಿಲ್ಲ, ಒಂದಕ್ಕೆ ಬಿ, ಎರಡಕ್ಕೆ ಡಿ ಎಂದು ಗ್ರೂಪಿನಲ್ಲಿ ಯಾರೋ ಪುಣ್ಯಾತ್ಮರು ಹಾಕಿರುತ್ತಾರೆ. ಪಠ್ಯಪುಸ್ತಕದಲ್ಲೂ ಈಗ ಕ್ಯೂಆರ್ ಕೋಡ್ ಇದೆ. ಮಕ್ಕಳು ಅದಕ್ಕೆ ಬಹಳ ಚಂದ ಬಣ್ಣ ತುಂಬುತ್ತಾರೆ. ಸ್ಕ್ಯಾನ್ ಮಾಡಲು ಮೊಬೈಲು ಬೇಕು, ಮೊಬೈಲು ಅಪ್ಪನ ಹತ್ತಿರ, ಅಪ್ಪ ಗೋವಾದಲ್ಲಿ.

ಹಾಗೆಂದು ಮೊಬೈಲಿಲ್ಲದ ಮಕ್ಕಳನ್ನು ಇಲಾಖೆ ಮರೆತಿತ್ತೆನ್ನುವಂತಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಯೋಜನೆಯಲ್ಲಿ ಮೊಬೈಲೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಮೊಬೈಲಿದ್ದವರು, ಎರಡೂ ಉಳ್ಳವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ಗುರುತಿಸಲಾಯಿತು. ಊರಲ್ಲಿ ಮೊದಲೇ ಇದ್ದ ಓಣಿಗಳು ಸಾಲದೆನ್ನುವಂತಿತ್ತು ಈ ಏರ್ಪಾಡು. ಅದರಲ್ಲೊಂದು ದೊಡ್ಡ ಲೋಪವೂ ಆಯಿತು. ಮಾಸ್ತರರು ಗುಡಿಕಟ್ಟೆ, ಮರದ ನೆರಳುಗಳಿಗೆ ಖುದ್ದಾಗಿ ಬಂದು ಕೂತು ಕಲಿಸಿಬಿಟ್ಟರು. ಸಾಧನವಿಲ್ಲದೆ ಕಲಿತದ್ದನ್ನು ಯಾವ ಕಾಲಮಿನಲ್ಲಿ ತುಂಬುವುದು? ಅದೇ ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಯೋಜನೆಯನ್ನು ನಿಲ್ಲಿಸಿದರು. ಕಾಲಮಿನ ಪ್ರಶ್ನೆಯೂ ಅಲ್ಲಿಗೆ ಬಗೆಹರಿಯಿತು.

ಇನ್ನು ಕರೆಂಟು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತವೆ, ಗುಡ್ಡದ ಬುಡದ ಶಾಲೆಯಲ್ಲಿ ಫ್ಯಾನು ನಿಂತಿರುತ್ತದೆ. ಅಜ್ಞಾನಿಗಳು ಇದನ್ನು ವ್ಯಂಗ್ಯವೆಂದು ತಿಳಿಯುತ್ತಾರೆ. ಬುದ್ಧಿವಂತ ವಿಜ್ಞಾನ ಶಿಕ್ಷಕರಿಗೆ ಇಲ್ಲಿ ಪವನಶಕ್ತಿಯ ಪಾಠ, ಪ್ರಸರಣದ ಪಾಠ, ಸಹನೆಯ ಪಾಠ ಮೂರೂ ಒಂದೇ ಕಿಟಕಿಯಿಂದ ಸಿಗುತ್ತವೆ. ಲ್ಯಾಬಿನ ಯುಪಿಎಸ್ ಕುಂಯ್ ಎಂದು ಕೂಗಿ ಸುಮ್ಮನಾದರೆ ಗಾಬರಿಯಾಗಬಾರದು. ಬ್ಯಾಟರಿ ಸತ್ತಿದೆಯೆಂದು ಪತ್ರ ಬರೆದು, ಸ್ಕ್ಯಾನ್ ಮಾಡಿ, ಪೋರ್ಟಲ್‌ಗೆ ಏರಿಸಬೇಕು. ಸ್ಕ್ಯಾನರ್‌ಗೆ ಕರೆಂಟು ಬೇಕಾದ್ದರಿಂದ ಪತ್ರ ತನ್ನ ಪಾಡಿಗೆ ತಾನು ಹದವಾಗಿ ಹಣ್ಣಾಗುತ್ತದೆ.

ನೆಟ್‌ವರ್ಕ್ ಹಿಡಿಯುವುದು ಒಂದು ವಿದ್ಯೆ. ಅದಕ್ಕೆ ಕೈಪಿಡಿಯಿಲ್ಲ, ಬಾಯಿಂದ ಬಾಯಿಗೇ ಬರಬೇಕು.

“ಸರ, ಓಟಿಪಿ ಬರವಲ್ದು. ಏನ ಮಾಡೂದ್ರಿ?”

“ಮಾಳಗಿ ಮ್ಯಾಲೆ ನೀರಿನ ಟಾಕಿ ಐತಲ್ರಿ, ಅದರ ಹಿಂದ ನಿಂದರ್ರಿ. ಗುಡ್ಡದ ಕಡೆ ಮಾರಿ ಮಾಡ್ರಿ. ಓಟಿಪಿ ಬಂತಂದ್ರ ಒದರ್ರಿ, ನಾ ಕೆಳಗ ಹೊಡೀತೀನಿ.”

“ನಾಕು, ಎಂಟು, ಎರಡು...”

“ಟೈಮ್ ಮುಗೀತ್ರಿ. ಅಲ್ಲೇ ನಿಂದರ್ರಿ, ಇನ್ನೊಂದ ಕಳಸ್ತಾನ.”

ಈ ನಡುವೆ ಏಳನೆಯ ತರಗತಿ ಕೆಳಗೆ ನಿಂತು ಅಂಕಿಗಳನ್ನು ಒಕ್ಕೊರಲಿನಿಂದ ಹೇಳುತ್ತಿರುತ್ತದೆ. ಸಂಖ್ಯಾಜ್ಞಾನದ ಗುರಿ ಸಾಧನೆಯಾಗುವುದು ಹೀಗೆ.

ಆದರೆ ಸಾಧನಗಳ ರಾಜನೆಂದರೆ ಎಸ್‌ಎಟಿಎಸ್, ವಿದ್ಯಾರ್ಥಿಯ ಸಾಧನೆಯ ಜಾಡು ಹಿಡಿಯುವ ತಂತ್ರಾಂಶ. ಇದರ ಮಹಿಮೆ ಬಣ್ಣಿಸಲು ಸಾವಿರ ನಾಲಿಗೆಯ ಶೇಷನೇ ಬೇಕು, ಅವನಿಗೂ ಪಾಸ್‌ವರ್ಡ್ ರೀಸೆಟ್ ಮಾಡಿಸಬೇಕಾದೀತು. ಹಿಂಗಾರಿ ಕೈಕೊಟ್ಟ ವರ್ಷ ರೋಣ, ಗಜೇಂದ್ರಗಡದ ಹಳ್ಳಿಗಳಿಂದ ಜನ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೊರಡುತ್ತಾರೆ, ಕೂಸುಕುನ್ನಿ ಕಟ್ಟಿಕೊಂಡು. ಮನೆಗೆ ಕೀಲಿ ಬಿದ್ದಿರುತ್ತದೆ, ಅಜ್ಜಿಗೂ ಮೊಮ್ಮಗಳು ಇರುವ ಊರು ಗೊತ್ತಿರುವುದಿಲ್ಲ. ತಂತ್ರಾಂಶದಲ್ಲಿ ಮಾತ್ರ ಹುಡುಗಿ ಎಲ್ಲಿಗೂ ಹೋಗಿಲ್ಲ: ನಾಲ್ಕನೆಯ ತರಗತಿಯಲ್ಲಿ ಕೂತಿದ್ದಾಳೆ, ಅವಳ ರಕ್ತದ ಗುಂಪು ಗೊತ್ತು, ಶೂ ಸೈಜು ಗೊತ್ತು. ಆಧಾರ್‌ನಲ್ಲಿರುವ ಹೆಸರಿಗೂ ಇಲ್ಲಿರುವ ಹೆಸರಿಗೂ ಒಂದು ಇಂಗ್ಲಿಷ್ ಅಕ್ಷರ ವ್ಯತ್ಯಾಸವಾಗಿದೆ ಎಂಬುದೂ ಗೊತ್ತು. ಆ ಒಂದಕ್ಷರಕ್ಕಾಗಿ ಮಾಸ್ತರರು ಗೋವಾಕ್ಕೆ ಫೋನ್ ಮಾಡಿ, ಸಿಮೆಂಟು ಕಲೆಸುತ್ತಿರುವ ಅಪ್ಪನನ್ನು ಹಿಡಿದು, ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ ಒಪ್ಪಿಗೆ ಪಡೆಯುತ್ತಾರೆ. ಅವಳು ಅಲ್ಲಿ ಶಾಲೆಗೆ ಹೋಗುತ್ತಿದ್ದಾಳೋ ಇಲ್ಲವೋ ಎಂದು ಕೇಳಬಹುದಿತ್ತು. ಅದಕ್ಕೆ ಕಾಲಮ್ ಇಲ್ಲ, ಕರೆನ್ಸಿಯೂ ಮಾಸ್ತರರದೇ.

ತಾಲ್ಲೂಕಿನ ವಿಷಯದಲ್ಲೂ ಎಚ್ಚರ ಬೇಕು. ಗಜೇಂದ್ರಗಡ ಹೊಸ ತಾಲ್ಲೂಕಾದ ಮೇಲೂ ಅಲ್ಲಿಯ ಶಾಲೆಗಳು ರೋಣ ಶೈಕ್ಷಣಿಕ ವಲಯದ ಪಟ್ಟಿಯಲ್ಲೇ ಉಳಿದವು. ಹೀಗಾಗಿ ಗಜೇಂದ್ರಗಡದಲ್ಲಿ ನಿಂತು ರೋಣವೆಂದು ಒತ್ತುವವನೇ ಜಾಣ.

ಮುಂದೆ ಫೋಟೋ. ಜಿಪಿಎಸ್ ಕ್ಯಾಮೆರಾದಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು, ವೇಳೆ ಎಲ್ಲವೂ ಮೂಡುವಂತೆ ತೆಗೆಯಬೇಕು. ಸಸಿ ನೆಟ್ಟಿದ್ದು, ಕೈ ತೊಳೆದಿದ್ದು, ಮೊಟ್ಟೆ ತಿಂದಿದ್ದು, ಯೋಗ ಮಾಡಿದ್ದು ಎಲ್ಲಕ್ಕೂ ಸಾಕ್ಷಿ ಬೇಕು. ಮೊಟ್ಟೆಯನ್ನು ಬಾಯಿಯ ಹತ್ತಿರ ಹಿಡಿದು, ಕ್ಲಿಕ್ ಎನ್ನುವವರೆಗೆ ಕಚ್ಚದೆ ಇರುವ ಸಂಯಮ ನಮ್ಮ ಒಂದನೆಯ ತರಗತಿಯ ಮಕ್ಕಳಿಗೆ ಬಂದಿದೆ. ಇಷ್ಟು ಎಳವೆಯಲ್ಲೇ ಇಂಥ ತಪಸ್ಸು ಕಲಿಸಿದ ನಾಗರಿಕತೆ ಇನ್ನೊಂದಿರಲಾರದು.

ಮೇಲಿನ ಕಚೇರಿಗೆ ಪತ್ರ ಕಳಿಸುವಾಗ ಮಾತ್ರ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಬೇಕು. ಆ ಫಾಂಟಿಲ್ಲದ ಮೊಬೈಲಿನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಕೊಕ್ಕೆ ಹೊತ್ತ ಯುರೋಪಿನ ಅಕ್ಷರಗಳು ಕಾಣುತ್ತವೆ. ಅರ್ಥವಾಗದಿದ್ದರೂ ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದ ಕಾಲದಿಂದ ನಾವು ಬಹುದೂರ ಬಂದಿದ್ದೇವೆ.

2025ರ ದಸರೆಯಲ್ಲಿ ಈ ಎಲ್ಲ ವಿದ್ಯೆಗಳ ಮಹಾಪರೀಕ್ಷೆಯೇ ನಡೆಯಿತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೊರಟರು. ಮನೆಗಳಿಗೆ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಮೊದಲೇ ಚೀಟಿ ಅಂಟಿಸಿದ್ದರು. ಕೆಲಸ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ಶಾಲೆಗೆ ರಜೆಯನ್ನೇ ಮುಂದುವರಿಸಿದರು. ಶೈಕ್ಷಣಿಕ ಸ್ಥಿತಿಗತಿ ಅಳೆಯಲು ಶಿಕ್ಷಣವನ್ನು ಕೆಲದಿನ ಅಲುಗಾಡದಂತೆ ನಿಲ್ಲಿಸುವುದು ಶಾಸ್ತ್ರೀಯ ಕ್ರಮ. ಓಡುವ ಎತ್ತಿಗೆ ಲಾಳ ಹೊಡೆಯಲಾದೀತೆ?

ಕೊನೆಯದಾಗಿ, ಪ್ರತಿ ತರಬೇತಿಯ ನಂತರ ಅಭಿಪ್ರಾಯ ತುಂಬುವ ಗೂಗಲ್ ಫಾರ್ಮ್ ಬರುತ್ತದೆ. ತರಬೇತಿ ಶುರುವಾಗುವ ಮುನ್ನವೇ ತುಂಬಿಬಿಡುವುದು ಕ್ಷೇಮ. ಸಂಜೆಗೆ ನೆಟ್‌ವರ್ಕ್ ಸಿಕ್ಕು ಲಿಂಕ್ ಒತ್ತಿದರೆ ಈ ಫಾರ್ಮ್ ಈಗ ಪ್ರತಿಕ್ರಿಯೆಗಳನ್ನು ಸ್ವೀಕರಿಸುತ್ತಿಲ್ಲ ಎಂದಿರುತ್ತದೆ. ಆಗ ಗ್ರೂಪಿನಲ್ಲಿ ವಿನಯದಿಂದ ಕೇಳಬೇಕು. ಸಿಆರ್‌ಪಿ ಸಾಹೇಬರು ಎರಡು ಕೈ ಜೋಡಿಸಿದ ಚಿತ್ರ ಹಾಕುತ್ತಾರೆ, ಅದರ ಕೆಳಗೆ ನಾಳೆ ಬೆಳಿಗ್ಗೆ ಹತ್ತರೊಳಗೆ ಭರ್ತಿ ಮಾಡದವರ ಪಟ್ಟಿ ಬರುತ್ತದೆ, ಪಟ್ಟಿಯ ಕೆಳಗೆ ಅದೇ ಲಿಂಕ್.