ಒಂದು ಕೊಳಗ ಭತ್ತದ ವಂಶಾವಳಿ

ಮುತ್ತಜ್ಜ ನೆನಪಾಗುವುದು ಆಸ್ತಿ ಪಾಲಾಗುವಾಗಲೇ. ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಂತೂ ಕಾಫಿಗೆ ರೇಟು ಬಂತೆಂದರೆ ವಂಶವೃಕ್ಷಕ್ಕಾಗಿ ನಾಡಕಚೇರಿಯ ಮುಂದೆ ಪಿತೃಭಕ್ತರ ಸಾಲು ಉದ್ದವಾಗುತ್ತದೆ. ತಿಮ್ಮೇಗೌಡ, ಅವನ ಮಗ ಪುಟ್ಟೇಗೌಡ, ಅವನ ಮಗ ಮತ್ತೆ ತಿಮ್ಮೇಗೌಡ. ತಾತನ ಹೆಸರನ್ನು ಮೊಮ್ಮಗನಿಗಿಟ್ಟು ಹಿರಿಯರು ಪುಣ್ಯ ಕಟ್ಟಿಕೊಂಡರು. ಯಾವ ತಿಮ್ಮೇಗೌಡನದು ಯಾವ ಗದ್ದೆ ಎಂದು ಬಿಡಿಸುವ ಕರ್ಮ ಮಾತ್ರ ಗ್ರಾಮಲೆಕ್ಕಿಗನ ಪಾಲಿಗೆ ಬಿತ್ತು.

ಇಂಗ್ಲೆಂಡಿನವರಿಗೆ ಈ ತಾಪತ್ರಯ ಕಮ್ಮಿ. ಅಲ್ಲಿ 1538ರಲ್ಲೇ ಥಾಮಸ್ ಕ್ರಾಮ್‌ವೆಲ್, ದೀಕ್ಷಾಸ್ನಾನ, ಮದುವೆ, ಮಣ್ಣು, ಮೂರನ್ನೂ ಪ್ರತಿ ಊರಿನ ಚರ್ಚು ಬರೆದಿಡಬೇಕೆಂದು ಹುಕುಂ ಹೊರಡಿಸಿದ್ದ. ಬರೆಯುವ ಚಟ ಬ್ರಿಟಿಷರನ್ನು ಇಲ್ಲಿಯೂ ಬಿಡಲಿಲ್ಲ. ನಮ್ಮ ಸೀಮೆಯ ಮಂಜರಾಬಾದಿಗೆ ಬಂದು ಕಾಫಿ ಹಾಕಿದ ರಾಬರ್ಟ್ ಎಲಿಯಟ್, ಚಿನ್ನ, ಶಿಕಾರಿ, ಕಾಫಿ ಎಲ್ಲ ಸೇರಿಸಿ 1894ರಲ್ಲಿ ಒಂದು ದಪ್ಪ ಪುಸ್ತಕವನ್ನೇ ತಂದ.

ನಮಗೆ ಹೆಳವ ಇದ್ದ. ಒಕ್ಕಣೆ ಮುಗಿಯುವ ಹೊತ್ತಿಗೆ ಸರಿಯಾಗಿ ಗಂಟೆ ಆಡಿಸುತ್ತ ಎತ್ತಿನ ಮೇಲೆ ಬರುತ್ತಿದ್ದ. ಜಗಲಿಯ ಮುಂದೆ ನಿಂತು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಕೊಳಗ ಭತ್ತ ಹೆಚ್ಚು ಬಿದ್ದರೆ ನಮ್ಮ ಹಿರೀಕನೊಬ್ಬ ಐಗೂರು ಪಾಳೆಯಗಾರರ ದಂಡಿನಲ್ಲಿ ಕತ್ತಿ ಹಿಡಿದಿರುತ್ತಿದ್ದ. ಐಗೂರಿನ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಹಿಡಿದು ಗಲ್ಲಿಗೇರಿಸಿದ್ದು ಚರಿತ್ರೆ. ಅವನ ಪಕ್ಕದಲ್ಲಿ ನಮ್ಮವನು ನಿಂತಿದ್ದು ಭತ್ತದ ಮಹಿಮೆ. ಅಪ್ಪನಿಗೆ ಇದು ಗೊತ್ತಿತ್ತು. ಆದರೂ ಪ್ರತಿ ಸಲ ಆ ಕೊಳಗ ಅಳೆಯುತ್ತಿದ್ದರು.

ಹೆಳವನಾಗಲಿ ಕಚೇರಿಯಾಗಲಿ ಹೆಂಗಸರ ತಂಟೆಗೆ ಹೆಚ್ಚು ಹೋದವರಲ್ಲ. ಮನೆಯವರೂ ಏನೂ ಕಮ್ಮಿಯಿಲ್ಲ. ಸೊಸೆ ಹೊಸಿಲು ದಾಟಿದ ದಿನದಿಂದ ಅವಳ ಹೆಸರು ಮೂಲೆಗೆ ಬೀಳುತ್ತದೆ, ತವರೂರು ಅಂಟಿಕೊಳ್ಳುತ್ತದೆ: ಮಗ್ಗೆ ಚಿಕ್ಕಮ್ಮ, ಬೆಳಗೋಡು ಅತ್ತಿಗೆ, ಹೆತ್ತೂರಜ್ಜಿ. ಗಂಡಸರ ವಂಶಾವಳಿ ಒಂದೇ ಗದ್ದೆಬದುವಿನ ಮೇಲೆ ನಿಂತಿರುತ್ತದೆ. ಹೆಂಗಸರದನ್ನು ಬರೆದಿದ್ದರೆ ಎರಡು ತಾಲ್ಲೂಕಿನ ನಕ್ಷೆಯೇ ಆಗುತ್ತಿತ್ತು.

ಮೊನ್ನೆ ವಂಶವೃಕ್ಷದ ಅರ್ಜಿಗೆ ಹೆತ್ತೂರಜ್ಜಿಯ ಹೆಸರು ಬೇಕಾಯಿತು. ದೊಡ್ಡಪ್ಪ ನಂಜಮ್ಮ ಎಂದರು. ಅತ್ತೆ ಕೆಂಚಮ್ಮ ಎಂದರು. ಹರಿಹಳ್ಳಿ ಕೆಂಚಾಂಬೆಯ ಒಕ್ಕಲಿನಲ್ಲಿ ಕೆಂಚಮ್ಮ ಅಂದುಬಿಟ್ಟರೆ ಅರ್ಧ ಊರಿಗೆ ಒಪ್ಪುತ್ತದೆ, ಅದೇನು ಸಾಕ್ಷಿಯಲ್ಲ. ಎರಡು ಸುತ್ತು ಕಾಫಿ ಮುಗಿದರೂ ಇತ್ಯರ್ಥವಾಗಲಿಲ್ಲ. ಕೊನೆಗೆ ಅಜ್ಜಿಯ ತವರಿಗೇ ಫೋನು ಹಚ್ಚಿದೆವು. ಆ ಕಡೆಯಿಂದ ಒಬ್ಬ ಮುದುಕರು ಬಹಳ ಹೊತ್ತು ಯೋಚಿಸಿ ಕೇಳಿದರು:

"ಯಾರು, ಆಲೂರು ಕಡೆಗೆ ಕೊಟ್ಟಿದ್ದ ಅತ್ತೇನಾ?"