ನಿಮ್ಮ ಬ್ರೌಸರ್ ನೇಟಿವ್ ಯಾವ್ದು ಸಾರ್?

ಬೆಂಗಳೂರಲ್ಲಿ ಯಾರನ್ನೇ ಮಾತಾಡ್ಸಿ, ಮೂರನೇ ಪ್ರಶ್ನೆ ಬಂದೇ ಬರುತ್ತೆ: "ನಿಮ್ಮ ನೇಟಿವ್ ಯಾವ್ದು?" ನೀವು ಹಾಸನ ಅಂತೀರಿ, ಅವರು ಸಿರಾ ಅಂತಾರೆ, ಅಲ್ಲಿಗೆ ಮಾತು ಮುಗೀತು. ಆದ್ರೆ ಲಿನಕ್ಸ್ ಬಳಸೋರ ಮುಂದೆ ಮಾತ್ರ ಈ ಶಬ್ದ ಎತ್ತಬೇಡಿ. ಅವರ ಕಣ್ಣು ಒದ್ದೆಯಾಗುತ್ತೆ. ಅವರಿಗೆ ನೇಟಿವ್ ಅಂದ್ರೆ ಊರಲ್ಲ ಸ್ವಾಮಿ, ಕೈಗೆ ಸಿಗದೇ ಹೋದ ಬ್ರೌಸರ್.

ಯಾಕೆ ಆ ಕಡೆ ತಿರುಗಿದ್ರಿ? ನಿಮ್ಮ ವಿಷಯಾನೇ ಹೇಳ್ತಿರೋದು. (ಮೇಡಂ, ನೀವೂ ಜಾರ್ಕೋಬೇಡಿ. ಲ್ಯಾಪ್‌ಟಾಪ್ ಬೆನ್ನ ಮೇಲಿನ ಪೆಂಗ್ವಿನ್ ಸ್ಟಿಕ್ಕರ್ ಇಲ್ಲಿಗೇ ಕಾಣ್ತಿದೆ.) ಹೊಸ ಬ್ರೌಸರ್ ಬಂತು ಅಂತ ಗೊತ್ತಾದ್ರೆ ಅದು ಎಷ್ಟು ಚುರುಕು ಅಂತ ನೀವು ನೋಡಲ್ಲ. ಡೌನ್‌ಲೋಡ್ ಬಟನ್ ಕೆಳಗೆ ಇರುವೆ ಸೈಜಿನ ಅಕ್ಷರ ನೋಡ್ತೀರಿ. ವಿಂಡೋಸ್ ಇದೆ, ಮ್ಯಾಕ್ ಇದೆ, ಆಮೇಲೆ? ಆಮೇಲೆ "ಲಿನಕ್ಸ್: ಸದ್ಯದಲ್ಲೇ". ನಮ್ಮೂರ ಫ್ಲೈಓವರ್ ಬೋರ್ಡಿನ ಮೇಲಿರುತ್ತಲ್ಲ, ಅದೇ ಸದ್ಯದಲ್ಲೇ.

2008ರ ಸೆಪ್ಟೆಂಬರ್ 2 ನೆನಪಿದ್ಯಾ? ಗೂಗಲ್‌ನೋರು ಕ್ರೋಮ್ ಬಿಟ್ಟ ದಿನ. ಜೊತೆಗೆ ಸ್ಕಾಟ್ ಮೆಕ್ಲೌಡ್ ಬರೆದ ಕಾಮಿಕ್ಸ್ ಬೇರೆ. ಒಂದೊಂದು ಟ್ಯಾಬಿಗೂ ಒಂದೊಂದು ಪ್ರಾಸೆಸ್ಸು, ಒಂದು ಮಗುಚಿಕೊಂಡ್ರೆ ಪಕ್ಕದ್ದಕ್ಕೆ ಏನೂ ಆಗಲ್ಲ ಅಂತ ಚಿತ್ರ ಬಿಡಿಸಿ ಹೇಳಿದ್ರು. ಕಾಮಿಕ್ಸ್ ಲಿನಕ್ಸಲ್ಲಿ ಜುಮ್ಮಂತ ಓಪನ್ ಆಯ್ತು. ಬ್ರೌಸರ್ ಮಾತ್ರ ವಿಂಡೋಸಿಗೆ.

ಹೊಟ್ಟೆ ಉರಿಯೋಕೆ ಇಷ್ಟೇ ಸಾಕಿತ್ತು. ಆದ್ರೆ ಉರಿಗೆ ತುಪ್ಪ ಹಾಕೋ ಇನ್ನೊಂದು ಸಂಗತಿ ನಿಮಗೆ ಗೊತ್ತಿತ್ತು. ಕ್ರೋಮ್ ಒಳಗೆ ಕೂತು ಪುಟ ಕಟ್ಟಿಕೊಡ್ತಿದ್ದ ಎಂಜಿನ್ನು ವೆಬ್‌ಕಿಟ್. ಅದು ಬಂದಿದ್ದು ಆಪಲ್ ಮನೆಯಿಂದ. ಆಪಲ್‌ಗೆ ಎಲ್ಲಿಂದ ಬಂತು? ಲಿನಕ್ಸಿಗೆ ಡೆಸ್ಕ್‌ಟಾಪ್ ಕಟ್ಟೋ ಕೆಡಿಇ ಹುಡುಗರು ಕಾಂಕರರ್ ಅನ್ನೋ ಬ್ರೌಸರಿಗೆ ಅಂತ ಬರೆದ ಕೆಎಚ್‌ಟಿಎಂಎಲ್‌ನಿಂದ! ಅಂದ್ರೆ ನಮ್ಮ ಲಿನಕ್ಸ್ ಮನೆ ಕೂಸು. 2003ರಲ್ಲಿ ಸಫಾರಿ ಅಂತ ಹೆಸರಿಟ್ಟು ಆಪಲ್ ಮೆರೆಸ್ತು, 2007ರಲ್ಲಿ ಅದನ್ನ ವಿಂಡೋಸಿಗೂ ಕರ್ಕೊಂಡು ಹೋಗಿ ತೋರಿಸ್ತು. ತವರಿಗೆ ಮಾತ್ರ ಕಳಿಸಲೇ ಇಲ್ಲ.

ಇಷ್ಟಾದ್ರೂ ರಕ್ತಸಂಬಂಧ ಎಲ್ಲಿ ಹೋಗುತ್ತೆ ಹೇಳಿ. ಇವತ್ತಿಗೂ ಕ್ರೋಮ್ ಯಾವುದೇ ವೆಬ್‌ಸೈಟಿನ ಬಾಗಿಲಿಗೆ ಹೋಗಿ ತನ್ನ ಪ್ರವರ ಒಪ್ಪಿಸುವಾಗ ನಡುವೆ "ಕೆಎಚ್‌ಟಿಎಂಎಲ್, ಲೈಕ್ ಗೆಕೊ" ಅಂತ ಗೊಣಗುತ್ತೆ. ಗೋತ್ರ ನಮ್ಮದು! ಮದುವೆ ಚಪ್ಪರದ ಗಳ ನಮ್ಮನೇದು, ಊಟಕ್ಕೆ ನಾವು ಕೊನೇ ಪಂಕ್ತಿ.

ಹಾಗಂತ ಗೂಗಲ್‌ನೋರು ಬೇಕಂತ ಸತಾಯಿಸಿದ್ರು ಅನ್ಬೇಡಿ. (ಅಂತೀರಿ, ಗೊತ್ತು.) ಅದರ ಕೋಡು ಶುರುವಾಗಿದ್ದೇ ವಿಂಡೋಸನ್ನ ನೆಚ್ಚಿಕೊಂಡು. ಕಿಟಕಿ ಬರೆಯೋದು, ಟ್ಯಾಬುಗಳನ್ನ ಒಂದೊಂದು ಕೋಣೇಲಿ ಕೂಡಿಹಾಕಿ ಚಿಲಕ ಹಾಕೋ ಸ್ಯಾಂಡ್‌ಬಾಕ್ಸು, ಎಲ್ಲಾ ಆ ಮನೆ ಗೋಡೆಗೇ ಮೊಳೆ ಹೊಡೆದು ನಿಲ್ಲಿಸಿದ್ದು. ಲಿನಕ್ಸಿಗೆ ಅದನ್ನ ಕಿತ್ತು ಹೊಸದಾಗಿ ನಿಲ್ಲಿಸಬೇಕಿತ್ತು.

ನಿಮಗೆಲ್ಲಿ ತಾಳ್ಮೆ? ಅಷ್ಟರಲ್ಲಿ ಕೋಡ್‌ವೀವರ್ಸ್ ಅನ್ನೋ ಕಂಪನಿ ಹನ್ನೊಂದೇ ದಿನದಲ್ಲಿ ವೈನ್ ಮೇಲೆ ಕ್ರೋಮಿಯಂ (ಕ್ರೋಮಿನ ಓಪನ್ ಸೋರ್ಸ್ ರೂಪ) ಓಡಿಸಿ ತೋರಿಸ್ತು. ವೈನ್ ಅಂದ್ರೆ ನೀವು ಅಂದ್ಕೊಂಡಿದ್ದಲ್ಲ, ವಿಂಡೋಸ್ ಪ್ರೋಗ್ರಾಮಿಗೆ "ಇದೇ ನಿನ್ನ ಮನೆ ಕಣಪ್ಪ" ಅಂತ ನಂಬಿಸಿ ಲಿನಕ್ಸಲ್ಲಿ ಕೆಲಸ ಮಾಡಿಸೋ ಉಪಾಯ. (ಪರಿಣಾಮ ಮಾತ್ರ ನೀವು ಅಂದ್ಕೊಂಡಿದ್ದೇ. ನಡೆಯುತ್ತೆ, ತೂರಾಡ್ತಾ.) ಸಿಕ್ತಲ್ಲ, ಖುಷಿಯಾ ಅಂದ್ರೆ ಮೂಗು ಮುರಿದ್ರಿ. "ಇದು ನೇಟಿವ್ ಅಲ್ಲ, ಲಿನಕ್ಸಿಗೇ ಅಂತ ಕಟ್ಟಿದ್ದಲ್ಲ."

ಮುಂದಿನ ಜೂನ್ ಇನ್ನೂ ಮಜಾ. ಗೂಗಲ್‌ನೋರು ಲಿನಕ್ಸಿಗೂ ಮ್ಯಾಕಿಗೂ ಅರೆಬೆಂದ ಆವೃತ್ತಿ ಬಿಟ್ಟು, ದಯವಿಟ್ಟು ಡೌನ್‌ಲೋಡ್ ಮಾಡಬೇಡಿ ಅಂತ ತಾವೇ ದೊಡ್ಡಕ್ಷರದಲ್ಲಿ ಬರೆದ್ರು. ಯೂಟ್ಯೂಬ್ ನೋಡೋಕಾಗಲ್ಲ, ಪ್ರಿಂಟ್ ತೆಗೆಯೋಕಾಗಲ್ಲ, ಯಾವಾಗ ಬೇಕಾದ್ರೂ ಬಿದ್ದುಹೋಗುತ್ತೆ ಅಂತಾನೂ ಹೇಳಿದ್ರು. ನೀವೇನ್ಮಾಡಿದ್ರಿ? ನಿಜ ಹೇಳಿ. "ಹಸಿ ಬಣ್ಣ, ಮುಟ್ಟಬೇಡಿ" ಅಂತ ಬೋರ್ಡ್ ನೋಡಿದ ಮೇಲೂ ಬೆರಳಿಟ್ಟು ನೋಡೋ ಜಾತಿ ತಾನೆ ನಾವು?

ಅಂತೂ 2009ರ ಡಿಸೆಂಬರಲ್ಲಿ ಬೀಟಾ ಬಂತು, 2010ರ ಮೇ 25ಕ್ಕೆ ಸ್ಥಿರ ಆವೃತ್ತಿ. ವಿಂಡೋಸ್‌ನೋರು ಉಂಡು ಎಲೆ ಎತ್ತಿ ಒಂದೂವರೆ ವರ್ಷ ಆಗಿತ್ತು. ಹೋಗ್ಲಿ, ನಿಮ್ಮ ಎಲೆಗೂ ಬಡಿಸಿದ್ರಲ್ಲ. ಬಾಯಿಗಿಡೋ ಮೊದಲೇ ಶುರು ಹಚ್ಕೊಂಡ್ರಿ: ಇದರ ಕಿಟಕಿ, ಗುಂಡಿ ಎಲ್ಲ ಜಿಟಿಕೆದು, ನಾನಿರೋದು ಕೆಡಿಇಲಿ, ಇದು ನನಗೆ ನೇಟಿವ್ ಹೇಗಾಗುತ್ತೆ? ಕೋಡು ಪೂರ್ತಿ ಓಪನ್ ಇಲ್ಲ. ನಾನು ಯಾವ ಪುಟ ನೋಡ್ತೀನಿ ಅಂತ ಅವರಿಗ್ಯಾಕೆ ಗೊತ್ತಾಗಬೇಕು? ಸಂಜೆಗೆ ವಾಪಸ್ ಫೈರ್‌ಫಾಕ್ಸು.

ನಮ್ಮ ದೊಡ್ಡತ್ತೆ ಒಬ್ರಿದ್ದಾರೆ. ಮಂಡಿ ನೋವು, ಯಾರ ಮದುವೆಗೂ ಹೋಗಲ್ಲ. ಆದ್ರೆ ಕರೆಯೋರು ಮನೆಗೇ ಬರಬೇಕು, ಕುಂಕುಮ ಇಟ್ಟು, ಅಕ್ಷತೆ ಕೊಟ್ಟು, ಲಗ್ನಪತ್ರಿಕೆ ಕೈಯಲ್ಲಿಟ್ಟು ಕರೀಬೇಕು. ವಾಟ್ಸಾಪಲ್ಲಿ ಕಳಿಸಿದ್ರೋ, ಮೂರು ವರ್ಷ ಮಾತು ಬಂದ್. ವೈನಲ್ಲಿ ಓಡೋ ಬ್ರೌಸರ್ ಅಂದ್ರೆ ವಾಟ್ಸಾಪಲ್ಲಿ ಬಂದ ಲಗ್ನಪತ್ರಿಕೆ ಅಂತ ನನಗೆ ಹೊಳೆದಿದ್ದು ಅವರನ್ನ ನೋಡಿದ ಮೇಲೇನೇ. ನಿಮಗೆ ಬೇಕಾಗಿರೋದು ಅಕ್ಷತೆ. ಲಿನಕ್ಸಲ್ಲಿ ಇನ್‌ಸ್ಟಾಲ್ ಮಾಡೋ ಪೊಟ್ಟಣ ಇದ್ಯಲ್ಲ, ಡಾಟ್ ಡೆಬ್, ಆ ಅಕ್ಷತೆ. (ಫೆಡೋರಾದವರು ಕೂಗ್ತಿದ್ದೀರಿ, ಕೇಳಿಸ್ತು: ಡಾಟ್ ಆರ್‌ಪಿಎಂ ಕೂಡ.)

ಒಪೆರಾದವರು ಇನ್ನೊಂದು ಥರ ಹೊಟ್ಟೆ ಉರಿಸಿದ್ರು. ವರ್ಷಗಟ್ಟಲೆ ಲಿನಕ್ಸಿಗೂ ಕೊಡ್ತಾ ಇದ್ದೋರು, 2013ರಲ್ಲಿ ಎಂಜಿನ್ ಬದಲಾಯಿಸಿದಾಗ ವಿಂಡೋಸ್, ಮ್ಯಾಕ್ ಎರಡಕ್ಕೇ 15ನೇ ಆವೃತ್ತಿ ಬಿಟ್ಟು ನಮ್ಮನ್ನ 12ರಲ್ಲೇ ಕೂರಿಸಿದ್ರು. 2014ರ ಕೊನೆಗೆ 26ನೇದು ಬಂತು. ಅಷ್ಟೊತ್ತಿಗೆ ನಿಮ್ಮ ಮುನಿಸು ಹಳಸಿ ಹುಳಿ ಬಂದಿತ್ತು.

ಹಾಗಾದ್ರೆ ಮೊದಲ ದಿನವೇ ಕರೆದೋರು ಯಾರೂ ಇಲ್ವಾ? ಇದ್ರು. ಒಪೆರಾದ ಹಳೇ ಯಜಮಾನ ಯೋನ್ ಫಾನ್ ಟೆಚ್ನರ್ 2015ರ ಜನವರಿಯಲ್ಲಿ ವಿವಾಲ್ಡಿಯ ಮೊದಲ ತುಣುಕು ತೋರಿಸಿದಾಗಲೇ ಲಿನಕ್ಸಿಗೂ ಕೊಟ್ರು. ಗೇಟಿನ ಹತ್ರ ಪನ್ನೀರು ಹಿಡಿದು ನಿಂತ ಹಾಗೆ! ನೀವು ಏನಂದ್ರಿ? "ಮೇಲಿನ ಪದರದ ಕೋಡ್ ಮುಚ್ಚಿಟ್ಟಿದ್ದಾರಲ್ಲ..." ಅಂದ್ರಿ. ಕರೆದ್ರೆ ಪಾಯಸಕ್ಕೆ ದ್ರಾಕ್ಷಿ ಕಡಿಮೆ, ಕರೀದಿದ್ರೆ ಸಂಬಂಧಾನೇ ಕಡಿಮೆ.

ಇನ್ನು ಎಡ್ಜ್ ಕಥೆ. ಕುರ್ಚಿ ಹತ್ರ ಎಳ್ಕೊಳಿ, ಇದು ಗುಟ್ಟಿನ ಮಾತು. 2001ರಲ್ಲಿ ಮೈಕ್ರೋಸಾಫ್ಟಿನ ಸ್ಟೀವ್ ಬಾಲ್ಮರ್ ಲಿನಕ್ಸನ್ನ ಕ್ಯಾನ್ಸರ್ ಅಂದಿದ್ರು. ಆ ಮಾತು ನಿಮಗೆ ಬಾಯಿಪಾಠ, ಶ್ರಾದ್ಧಕ್ಕೆ ಅಜ್ಜನ ಹೆಸರು ಹೇಳಿದಷ್ಟೇ ಸಲೀಸು. ಅದೇ ಮೈಕ್ರೋಸಾಫ್ಟು 2020ರ ಅಕ್ಟೋಬರಲ್ಲಿ ಎಡ್ಜ್‌ನ ಮುನ್ನೋಟದ ಆವೃತ್ತೀನ ಲಿನಕ್ಸಿಗೆ ತಂದಿಟ್ಟಿತು. ಡೆಬ್ಬೂ ಇತ್ತು, ಆರ್‌ಪಿಎಮ್ಮೂ ಇತ್ತು. ಎಲ್ಲರ ಎದುರಿಗೆ "ಯಾರಿಗೆ ಬೇಕ್ರೀ ಇದು" ಅಂತ ನಕ್ಕ ನೀವು, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಟರ್ಮಿನಲ್ ತೆರೆದು ಏನು ಟೈಪ್ ಮಾಡಿದ್ರಿ? ಬಿಡಿ, ನಾನು ಯಾರಿಗೂ ಹೇಳಲ್ಲ.

ಹೇಳೋಕೆ ನನಗೆ ಬಾಯಿ ಎಲ್ಲಿದೆ? ಒಂದು ಕಾಲಕ್ಕೆ ಒಂದು ಕಚೇರಿಯ ಅರ್ಜಿ ತುಂಬಬೇಕಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಇದ್ರೆ ಮಾತ್ರ ಒಳಗೆ ಬಾ ಅಂತು. (ಆ ಎಕ್ಸ್‌ಪ್ಲೋರರೂ ಒಂದು ಕಾಲಕ್ಕೆ ಸೊಲಾರಿಸ್, ಎಚ್‌ಪಿ-ಯುಎಕ್ಸ್ ಅನ್ನೋ ಯುನಿಕ್ಸುಗಳಿಗೆ ಬಂದಿತ್ತು ಗೊತ್ತಾ? ದಾಯಾದಿಗಳಿಗೆಲ್ಲ ಕರೆ ಹೋಯ್ತು, ನಮಗಿಲ್ಲ.) ಐಈಸ್‌ಫಾರ್‌ಲಿನಕ್ಸ್ ಅನ್ನೋ ಸ್ಕ್ರಿಪ್ಟ್ ಹಿಡಿದು ವೈನ್ ಮೇಲೆ ಅದನ್ನ ಕೂರಿಸೋಕೆ ನಾನು ಒಂದು ಭಾನುವಾರ ಪೂರ್ತಿ ಕಳೆದೆ. ಕೂತಿತು. ಅರ್ಜಿ ಅರ್ಧ ತುಂಬೋ ಹೊತ್ತಿಗೆ ಮಕಾಡೆ ಮಲಗಿತು. ಕೊನೆಗೆ ರಸ್ತೆ ತುದಿಯ ಸೈಬರ್ ಕೆಫೆಗೆ ಹೋಗಿ ಹತ್ತು ನಿಮಿಷದಲ್ಲಿ ಮುಗಿಸಿದೆ. ಮನೆಗೆ ಬಂದು ಮಾತ್ರ "ಲಿನಕ್ಸಲ್ಲೇ ಮಾಡಿದೆ" ಅಂದೆ.

ಈ ನಡುವೆ ಮೂಲೇಲಿ ಒಬ್ಬ ಸುಮ್ಮನೆ ಕೂತಿದ್ದಾನಲ್ಲ, ಫೈರ್‌ಫಾಕ್ಸು, ಅವನನ್ನ ಯಾವತ್ತಾದ್ರೂ ಮಾತಾಡ್ಸಿದ್ದೀರಾ? ಒಂದು ಕಾಲಕ್ಕೆ ಕೆಲವು ಡಿಸ್ಟ್ರೋಗಳಲ್ಲಿ ಅವನಿಗೂ ಕನ್ನಡದ ಒತ್ತಕ್ಷರ ಬರ್ತಿರಲಿಲ್ಲ. ಅಕ್ಷರ ಜೋಡಿಸೋ ಪ್ಯಾಂಗೊ ಆನ್ ಮಾಡು ಅಂತ ಒಂದು ಸಾಲು ಬರೆದು ಕಿವಿ ಹಿಂಡಿದ ಮೇಲೇ ಒತ್ತು ಕಾಲಡಿಗೆ ಬಂದು ಕೂತಿದ್ದು. ಆಮೇಲೆ ತಾನೇ ಕಲಿತ. ಲಿನಕ್ಸಿಗೆ ಅವನು ಯಾವತ್ತೂ "ಸದ್ಯದಲ್ಲೇ" ಅಂದೋನಲ್ಲ. ಅದಕ್ಕೇ ಇರಬೇಕು ಅವನ ಮೇಲೆ ನಿಮಗೆ ಅಷ್ಟು ಸದರ. ಮನೆ ಅಳಿಯನಿಗೆ ಯಾರು ಲಗ್ನಪತ್ರಿಕೆ ಕೊಡ್ತಾರೆ?

ಈಗಿನ ನಿಮ್ಮ ಕೊರಗು ಆರ್ಕ್ ಅನ್ನೋ ಬ್ರೌಸರ್ ಅಂತೆ. 2023ರಲ್ಲಿ ಮ್ಯಾಕಿಗೆ ಎಲ್ಲರಿಗೂ ಸಿಕ್ತು, 2024ರ ಏಪ್ರಿಲಲ್ಲಿ ವಿಂಡೋಸಿಗೆ, ಲಿನಕ್ಸಿಗೆ ಇಲ್ಲ. ತಡೀಲಾರದೆ ಫೈರ್‌ಫಾಕ್ಸನ್ನೇ ತಿದ್ದಿ, ಅದೇ ಥರ ಟ್ಯಾಬನ್ನ ಪಕ್ಕಕ್ಕೆ ಸಾಲಾಗಿ ನಿಲ್ಲಿಸಿದ ಝೆನ್ ಬಂತು, ಅದು ಲಿನಕ್ಸಲ್ಲೂ ಓಡುತ್ತೆ. ನಿಮಗೆ ಸಮಾಧಾನ ಇಲ್ಲ, ಕಾಯ್ತಾ ಕೂತ್ರಿ. 2025ರಲ್ಲಿ ಆರ್ಕ್ ಕಟ್ಟಿದೋರೇ ಅದಕ್ಕೆ ಇನ್ನು ಹೊಸದೇನೂ ಸೇರಿಸಲ್ಲ, ನಮ್ಮ ಗಮನವೆಲ್ಲ ಡಯಾ ಅನ್ನೋ ಬೇರೆ ಬ್ರೌಸರ್ ಮೇಲೆ ಅಂದ್ಬಿಟ್ರು. ಪತ್ರಿಕೆ ಬರೋಕೆ ಮುಂಚೆ ಮದುವೆನೇ ಮುಗೀತು!

ಅಲ್ಲಾ, ಇಷ್ಟೊತ್ತೂ ಕೇಳಿಸ್ಕೊಂಡು ಈಗ ಯಾಕೆ ಟರ್ಮಿನಲ್ ತೆಗೆದ್ರಿ? ಏನದು, "ಸುಡೊ ಆಪ್ಟ್ ಇನ್‌ಸ್ಟಾಲ್ ಡಯಾ" ನಾ? ಎಂಟರ್ ಹೊಡೆದೇಬಿಟ್ರಾ? ಬಂತು ನೋಡಿ, ಲಿನಕ್ಸಲ್ಲೇ ಹುಟ್ಟಿ ಬೆಳೆದ ಅಪ್ಪಟ ನೇಟಿವ್ ಡಯಾ. ಬ್ರೌಸರ್ ಅಲ್ಲ ಸಾರ್ ಅದು, ಫ್ಲೋಚಾರ್ಟ್ ಬರೆಯೋ ಹಳೇ ಸಾಫ್ಟ್‌ವೇರು. ಬಂದಿದ್ದು ಬಂತು, ಒಂದು ಡಬ್ಬ ಎಳೀರಿ. ಅದರೊಳಗೆ ವಿಂಡೋಸ್ ಅಂತ ಬರೀರಿ. ಪಕ್ಕದಲ್ಲಿ ಇನ್ನೊಂದು, ಮ್ಯಾಕ್. ಈಗ ಮೂರನೇದಕ್ಕೆ ಬಾಣದ ಗುರುತು ಹಾಕಿ... ಜಾಗ ಸಾಕಾಗ್ತಿಲ್ವಾ?