ಎಳೆಯಲೊಂದು ಹಗ್ಗ ಬೇಕು

ಮೀಟಿಂಗಿನ ಕೊನೆಯಲ್ಲಿ ಮ್ಯಾನೇಜರ್ "ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದಾಗ ಕವಿಯುವ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ನಮ್ಮ ಆಫೀಸುಗಳ ಹಳೆಯ ಚಾಳಿ. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಹೆಣ್ಣು ನೋಡುವ ಶಾಸ್ತ್ರಕ್ಕೆ ಸರಿಹೋದೀತು. ಆಫೀಸಿನಲ್ಲಿ ಅದು ಊಟದ ಹೊತ್ತಾಯಿತು ಎಂಬುದರ ಲಕ್ಷಣವಷ್ಟೆ. ನಿಜವಾದ ಅಭಿಪ್ರಾಯ ಹತ್ತು ನಿಮಿಷದ ಬಳಿಕ ಬೈಟು ಕಾಫಿಯ ಜೊತೆ ಸವಿಸ್ತಾರವಾಗಿ ಮಂಡನೆಯಾಗುತ್ತದೆ. ಅಂದಮೇಲೆ ದೋಷ ನೌಕರರ ನಾಲಿಗೆಯದಲ್ಲ. "ಪ್ರಿಂಟರ್ ಕೆಟ್ಟಿದೆ" ಎಂದವನ ತಲೆಗೇ ರಿಪೇರಿ ಕಟ್ಟಿದರೆ, ನಾಳೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಯಾರು ಬಾಯಿಬಿಡುತ್ತಾರೆ?

ಜಪಾನಿನ ಟೊಯೋಟಾ ಇದಕ್ಕೆ ಕಂಡುಕೊಂಡ ಉಪಾಯ ಒಂದು ಹಗ್ಗ. ಕಾರು ಜೋಡಿಸುವ ಸಾಲಿನಲ್ಲಿ ತಪ್ಪು ಕಂಡ ಯಾವ ಕಾರ್ಮಿಕನಾದರೂ ಅದನ್ನೆಳೆಯಬಹುದು. 'ಆಂಡಾನ್' ಎಂಬ ಸೂಚನಾ ದೀಪ ಹೊತ್ತಿ, ತಂಡದ ಮುಖಂಡ ಓಡಿಬರುತ್ತಾನೆ. ಎಲ್ಲರೂ ಎಳೆಯುತ್ತ ಕೂತರೆ ಕೆಲಸ ಸಾಗುವುದೆಂತು ಎನ್ನಬಹುದು. ಆದರೆ ಎಳೆದೊಡನೆ ಸಾಲು ನಿಲ್ಲುವುದಿಲ್ಲ. ಕಾರು ಗೊತ್ತುಪಡಿಸಿದ ಜಾಗ ತಲುಪುವಷ್ಟರಲ್ಲಿ ತೊಡಕು ಬಗೆಹರಿಯದಿದ್ದರೆ ಮಾತ್ರ ನಿಲ್ಲುತ್ತದೆ. ಸದರ ಕೊಟ್ಟರೆ ಶಿಸ್ತು ಕೆಡುತ್ತದೆ ಎಂಬ ವಾದವೂ ಉಂಟು. ಕೆಡಲಿ, ಸ್ವಲ್ಪ. ನಮ್ಮಲ್ಲೂ ಹಗ್ಗವಿಲ್ಲದಿಲ್ಲ: ಕಡತದ ಅಂಚಿನಲ್ಲಿ ಸಾಹೇಬರು 'ಚರ್ಚಿಸಿ' ಎಂದು ಬರೆಯುತ್ತಾರೆ. ಚರ್ಚೆಗೆ ಹೋದ ಗುಮಾಸ್ತರಿಗೆ ಕೂರಲು ಮಾತ್ರ ಹೇಳುವುದಿಲ್ಲ. ನಿಂತವರ ಚರ್ಚೆ 'ಹೌದು ಸಾರ್'ಗಿಂತ ಉದ್ದ ಬೆಳೆಯುವುದೂ ಇಲ್ಲ.